ಏನೂ ಬೆಳೆಯದ ಹೊಲದ ಕುಂಬಳಕಾಯಿ

ಊರಿನ ಏಕೈಕ ಬಸ್ಸಿನ ಏಕೈಕ ಕಂಡಕ್ಟರಿಗೆ ತಂದೆತಾಯಿ ಏನು ಹೆಸರಿಟ್ಟಿದ್ದರೋ, ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವರು ಹೋಲ್ಡಾನ್. ಬಸ್ಸು ನಿಲ್ಲಿಸಲು ದಿನಕ್ಕೆ ನೂರು ಸಲ ಕೂಗುವ ಆ ಒಂದು ಮಾತೇ ಅವರಿಗೆ ಅಂಟಿಕೊಂಡಿತು. ಅಷ್ಟು ದೊಡ್ಡ ಬಸ್ಸನ್ನು ಒಂದೇ ಕೂಗಿಗೆ ನಿಲ್ಲಿಸುವ ಈ ಮನುಷ್ಯನಿಗೆ, ತಾನೇ ಶುರುಮಾಡಿದ ಒಂದು ಸಣ್ಣ ಸುಳ್ಳನ್ನು ನಿಲ್ಲಿಸಲು ಹನ್ನೊಂದು ವರ್ಷವಾದರೂ ಆಗಿರಲಿಲ್ಲ. ಆ ಸುಳ್ಳು ಕುಂಬಳಕಾಯಿಯ ಗಾತ್ರದ್ದು ಎಂದರೆ ಅದು ಉತ್ಪ್ರೇಕ್ಷೆಯಲ್ಲ. ಅದು ಕುಂಬಳಕಾಯಿಯೇ ಆಗಿತ್ತು.

ಅವರ ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಹನ್ನೊಂದು ವರ್ಷದ ಹಿಂದೆ ಒಂದು ದಿನ ಅವರು ಮಗಳನ್ನೂ ಅಳಿಯನನ್ನೂ ಕರೆದು ಕೂರಿಸಿಕೊಂಡು, "ಬಂಗಾರದಂಥ ನೆಲ. ಬೇರೆ ಯಾರಿಗೂ ಕೊಡೋಕೆ ಮನಸ್ಸು ಬರಲಿಲ್ಲ," ಎಂದು ಹೇಳಿ ಎರಡು ಎಕರೆ ಹೊಲವನ್ನು ಮಗಳ ಹೆಸರಿಗೆ ಬರೆದುಕೊಟ್ಟರು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ನಮ್ಮ ಕಂಡಕ್ಟರು ಅಂಥವರಲ್ಲ. ಅವರು ಮೊಳ ಹಾಕಲಿಲ್ಲ, ಸೀದಾ ಕುಂಬಳದ ಬೀಜ ಹಾಕಿದರು. ಹೊಲ ಊರಿನಿಂದ ನಾಲ್ಕು ಮೈಲಿ ದೂರ, ಬಸ್ಸಿನ ದಾರಿಯಲ್ಲೇ, ಒಂದು ಗುಡ್ಡದ ಮಗ್ಗುಲಲ್ಲಿತ್ತು. ಮೂರು ತಿಂಗಳು ದಿನಾ ಖಾಲಿ ಓಡುವ ಕೊನೆಯ ಟ್ರಿಪ್ಪಿನಲ್ಲಿ ಬಸ್ಸು ನಿಲ್ಲಿಸಿ ಕ್ಯಾನಿನಲ್ಲಿ ನೀರು ಹೊತ್ತು ಹಾಕಿದರು. ಒಂದು ದಿನ ಹಸಿರು ಕಂಡಿತೆಂದು ಓಡಿಹೋಗಿ ನೋಡಿದರೆ, ಯಾರೋ ಕಿಟಕಿಯಿಂದ ಎಸೆದಿದ್ದ ಟಿಕೆಟ್ಟು. ಹರಿದು ಕೊಟ್ಟವರೂ ಅವರೇ.

ಅತ್ತ ಮನೆಯಲ್ಲಿ ಹೆಂಡತಿ ದಿನಾ ಕೇಳುತ್ತಿದ್ದರು, "ರೀ, ಅಪ್ಪನ ಹೊಲದಲ್ಲಿ ಬಳ್ಳಿ ಹಬ್ಬಿತಾ?" ಆಕೆಗೆ ಬಸ್ಸು ಹತ್ತಿದರೆ ಎರಡನೇ ಫರ್ಲಾಂಗಿಗೇ ವಾಂತಿ. ಕಂಡಕ್ಟರನ ಹೆಂಡತಿಗೆ ಬಸ್ಸು ಆಗುವುದಿಲ್ಲ ಎಂಬುದು ಊರಿಗೇ ತಮಾಷೆಯ ವಿಷಯವಾಗಿತ್ತು. ಹಾಗಾಗಿ ಆಕೆ ಹೊಲವನ್ನು ಕಣ್ಣಾರೆ ನೋಡಿರಲಿಲ್ಲ. ಅಪ್ಪ ತನಗೆಂದು ಏನಾದರೂ ಕೊಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಇಬ್ಬರು ಅಣ್ಣಂದಿರ ನಡುವೆ ಬೆಳೆದ ಮಗಳಿಗೆ ಅದರ ಬೆಲೆ ಎಷ್ಟೆಂದು ಕಂಡಕ್ಟರಿಗೆ ಗೊತ್ತಿತ್ತು. ಆದ್ದರಿಂದಲೇ ಒಂದು ಸಂತೆಯ ದಿನ ಅವರು ಪಟ್ಟಣದ ತರಕಾರಿಯಮ್ಮನ ಹತ್ತಿರ ಎಂಟು ಕಿಲೋದ ಒಂದು ಕುಂಬಳಕಾಯಿ ಕೊಂಡರು. ಹೊಲದ ಹತ್ತಿರ ಇಳಿದು ಅದಕ್ಕೆ ಒಂದಿಷ್ಟು ಮಣ್ಣು ಮೆತ್ತಿದರು. ಮನೆಗೆ ತಂದು ನಡುಮನೆಯಲ್ಲಿ ಇಟ್ಟರು.

ಹೆಂಡತಿ ಆ ಕಾಯಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದರು. ಕಣ್ಣಲ್ಲಿ ನೀರು. "ನೋಡಿದ್ರಾ ನಮ್ಮಪ್ಪ ಕೊಟ್ಟ ನೆಲ," ಅಂದರು. ಸುದ್ದಿ ಕೇಳಿ ಮಾವನೂ ಬಂದರು. ಕಾಯಿಯನ್ನು ಸುತ್ತ ಹೋಗಿ ನೋಡಿದರು, ಬೆರಳಿನಿಂದ ತಟ್ಟಿದರು, ಎತ್ತಿ ತೂಕ ಅಂದಾಜು ಮಾಡಿದರು, ಆಮೇಲೆ ಊಟಕ್ಕೂ ನಿಲ್ಲದೆ ಹೊರಟುಹೋದರು. ಸಂತೋಷ ಹೆಚ್ಚಾದರೆ ಹಿರಿಯರಿಗೆ ಮಾತು ಹೊರಡುವುದಿಲ್ಲ ಎಂದು ಕಂಡಕ್ಟರು ತಿಳಿದುಕೊಂಡರು.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಹೆಂಡತಿ ಆ ಕಾಯಿಯನ್ನು ಹೋಳು ಮಾಡಿ ಬೀದಿಯ ಮನೆಮನೆಗೂ ಕಳಿಸಿದರು. ಬೀದಿಯವರು ತಿಂದು, ಚೆನ್ನಾಗಿದೆ ಅಂದು, ಮುಂದಿನ ವಾರ ಏನು ಬರುತ್ತದೆ ಎಂದು ಕೇಳಿದರು. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರೆ. ಇವರದು ವಾರಕ್ಕೊಂದು ಚೀಲದ ಲೆಕ್ಕದಲ್ಲಿ ಬೆಳೆಯಿತು. ಯಾವ ಕಾಲಕ್ಕೆ ಯಾವ ತರಕಾರಿ ಎಂಬ ಜ್ಞಾನ ಕಂಡಕ್ಟರಿಗೆ ಕಿಂಚಿತ್ತೂ ಇರಲಿಲ್ಲ. ಸಂತೆಯಲ್ಲಿ ಕಂಡದ್ದನ್ನು ತಂದರು. ಹೀಗಾಗಿ ಆ ಎರಡು ಎಕರೆಯಲ್ಲಿ ಸುಡುಬೇಸಿಗೆಯಲ್ಲಿ ಎಲೆಕೋಸು, ಜಡಿಮಳೆಯಲ್ಲಿ ಕಲ್ಲಂಗಡಿ, ಒಂದೇ ವಾರದಲ್ಲಿ ಕ್ಯಾರೆಟ್ಟು, ಆಲೂಗಡ್ಡೆ, ಅನಾನಸು ಎಲ್ಲ ಬೆಳೆದವು. ಹೊಲದ ಕೀರ್ತಿ ದಿಕ್ಕುದಿಕ್ಕಿಗೂ ಹಬ್ಬಿತು. ದಿನಾ ಬಸ್ಸಿನಲ್ಲಿ ಹಾದುಹೋದರೂ, ಇಳಿದು ಆ ಹೊಲ ಯಾವುದೆಂದು ನೋಡುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಮನೆಬಾಗಿಲಿಗೆ ಬರುವ ತರಕಾರಿಯ ಬೇರು ಹುಡುಕುವವರು ಯಾರಿದ್ದಾರೆ?

ಹನ್ನೊಂದನೇ ವರ್ಷಕ್ಕೆ ಊರಿಗೆ ಎಣ್ಣೆ ಸಾಹೇಬರು ಬಂದರು.

ಅವರ ನಿಜವಾದ ಹುದ್ದೆಯ ಹೆಸರು ಜೈವಿಕ ಇಂಧನ ಉತ್ತೇಜನ ಅಧಿಕಾರಿ. ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಮುಂದಿನ ನಿಲ್ದಾಣಕ್ಕೆ ಹೋಗಿರುತ್ತದೆಂದು ಜನ ಎಣ್ಣೆ ಸಾಹೇಬರು ಅಂದುಬಿಟ್ಟರು. ಕೈಯಲ್ಲಿ ದಪ್ಪ ಫೈಲು, ಹೆಗಲಲ್ಲಿ ನೆಲಕ್ಕೆ ಚುಚ್ಚಿ ನೋಡುವ ಒಂದು ಕಬ್ಬಿಣದ ಸಲಾಕೆ. ಶಾಲೆಯ ದೊಡ್ಡ ಕೊಠಡಿಯಲ್ಲಿ, ಮಕ್ಕಳ ಪುಟ್ಟ ಬೆಂಚುಗಳ ಮೇಲೆ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದ ಊರಿನವರಿಗೆ ಅವರು ವಿಷಯ ಹೇಳಿದರು.

"ನಿಮ್ಮೂರಿನ ಬಸ್ಸು ಕುಡಿಯೋ ಡೀಸೆಲ್‌ಗೂ ಹತ್ತೋ ಜನಕ್ಕೂ ತಾಳೆ ಆಗ್ತಿಲ್ಲ. ಬರೋ ವರ್ಷದಿಂದ ನಿಲ್ಲಿಸಬೇಕು ಅಂತ ತೀರ್ಮಾನ ಆಗಿದೆ."

ಬಸ್ಸು ನಿಂತರೆ ಸಂತೆಯಿಲ್ಲ, ಆಸ್ಪತ್ರೆಯಿಲ್ಲ, ದೊಡ್ಡ ಶಾಲೆಯಿಲ್ಲ. ಬಾಗಿಲ ಬಳಿ ನಿಂತಿದ್ದ ಕಂಡಕ್ಟರಿಗೆ ಕೆಲಸವೂ ಇಲ್ಲ.

"ಆದ್ರೆ ಒಂದು ಯೋಜನೆ ಇದೆ," ಅಂದರು ಸಾಹೇಬರು. "ಬಂಡೆ ಸಂದೀಲೂ ಬದುಕೋ ಎಣ್ಣೆಬೀಜದ ಗಿಡಗಳನ್ನ ಸರ್ಕಾರ ಪುಕ್ಕಟೆ ಕೊಡುತ್ತೆ. ನೀರಿನ ಪೈಪು ಕೊಡುತ್ತೆ. ಹತ್ತು ವರ್ಷ ಪ್ರೋತ್ಸಾಹಧನ ಕೊಡುತ್ತೆ. ಗಿಡ ನೆಟ್ಟ ಜಾಗದಲ್ಲೇ ಒಂದು ಎಣ್ಣೆ ಗಾಣ ಹಾಕುತ್ತೆ. ಸುತ್ತಮುತ್ತಲ ಬೇಲಿ, ಬದುಗಳಲ್ಲಿ ಬೆಳೆದ ಬೀಜ ಎಲ್ಲ ಅಲ್ಲಿಗೇ ಬರುತ್ತೆ. ಆ ಎಣ್ಣೇಲೇ ನಿಮ್ಮ ಬಸ್ಸು ಓಡುತ್ತೆ. ಒಂದೇ ಷರತ್ತು. ಅನ್ನ ಬೆಳೆಯೋ ನೆಲದಲ್ಲಿ ಎಣ್ಣೆ ಬೆಳೆಯೋ ಹಾಗಿಲ್ಲ. ನೆಲ ಪೂರ್ತಿ ಬರಡಾಗಿರಬೇಕು."

"ಯಾರಿಗಾದ್ರೂ ಬರಡು ನೆಲ ಇದೆಯಾ?" ಎಂದು ಅವರು ಕೇಳಿದ್ದೇ ತಡ, ಬೆಂಚುಗಳಲ್ಲಿದ್ದ ಪ್ರತಿಯೊಂದು ಕೈಯೂ ಮೇಲೆದ್ದಿತು. ನಿನ್ನೆಯವರೆಗೆ ನನ್ನ ಬದನೆ ದೊಡ್ಡದು, ನನ್ನ ಟೊಮೇಟೊ ಕೆಂಪು ಎಂದು ಕಿತ್ತಾಡುತ್ತಿದ್ದವರು, ಈಗ ಯಾರ ನೆಲ ಹೆಚ್ಚು ಕೆಟ್ಟದ್ದು ಎಂದು ಕಿತ್ತಾಡತೊಡಗಿದರು.

"ನನ್ನ ನೆಲದಲ್ಲಿ ಕಳೆ ಹುಟ್ಟೋಕೂ ನಾಚಿಕೊಳ್ಳುತ್ತೆ ಸಾರ್," ಅಂದರು ಟೈಲರು.

"ನನ್ನದರಲ್ಲಿ ಹುಟ್ಟಿದ ಕಳೆ ನಾನು ಹೇಳದೇನೇ ಎದ್ದು ಹೋಗಿದೆ," ಅಂದರು ಮೇಷ್ಟ್ರು.

ಎತ್ತದೆ ಉಳಿದದ್ದು ಒಂದೇ ಜೋಡಿ ಕೈ. ಅವು ಕಂಡಕ್ಟರ ಟಿಕೆಟ್ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.

ಮಾರನೇ ದಿನ ಸಾಹೇಬರು ಸಲಾಕೆ ಹಿಡಿದು ಹೊಲ ಸುತ್ತಿದರು. ಟೈಲರ ನೆಲಕ್ಕೆ ಚುಚ್ಚಿದರೆ ಸಲಾಕೆ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಮೇಲೆತ್ತಿದರೆ ತುದಿಗೆ ನಾಲ್ಕು ದಪ್ಪ ಎರೆಹುಳು.

"ಇವು ನಮ್ಮವಲ್ಲ ಸಾರ್," ಅಂದರು ಟೈಲರು ಗಂಭೀರವಾಗಿ. "ಪಕ್ಕದ ಹೊಲದಿಂದ ನೆಂಟರ ಮನೆಗೆ ಅಂತ ಬಂದಿರಬೇಕು."

ಪಕ್ಕದ ಹೊಲ ಮೇಷ್ಟ್ರದು. ಅವರು ಹುರುಳಿಕಾಯಿಯ ಸಾಲಿನ ಮೇಲೆಲ್ಲ ಬೆಡ್‌ಶೀಟು ಹೊದಿಸಿ, ಬಟ್ಟೆ ಒಣಗಿಹಾಕಿದ್ದೇವೆ ಅಂದರು. ಬೆಡ್‌ಶೀಟಿನ ತೂತಿನಿಂದ ಒಂದು ಹೂ ಇಣುಕಿ ನೋಡುತ್ತಿತ್ತು. ಸಾಹೇಬರು ಫೈಲಿನಲ್ಲಿ ಬರೆದುಕೊಂಡರು. ಸಂಜೆಯ ಹೊತ್ತಿಗೆ ಅವರು ಇಪ್ಪತ್ತೇಳು ಹೊಲ ನೋಡಿ, ಇಪ್ಪತ್ತೇಳನ್ನೂ ಫಲವತ್ತಾದ ಭೂಮಿ ಎಂದು ಬರೆದಿದ್ದರು. ಊರಿನ ಇತಿಹಾಸದಲ್ಲೇ ಇಷ್ಟು ಒಳ್ಳೆಯ ಪ್ರಮಾಣಪತ್ರ ಯಾರಿಗೂ ಸಿಕ್ಕಿರಲಿಲ್ಲ. ಅದನ್ನು ಪಡೆದು ಇಷ್ಟು ದುಃಖಪಟ್ಟವರೂ ಇರಲಿಲ್ಲ.

ಸಾಹೇಬರು ಪಟ್ಟಣಕ್ಕೆ ಮರಳಲು ಬಸ್ಸು ಹತ್ತಿದರು. ಕೊನೆಯ ಪ್ರಯತ್ನವೆಂಬಂತೆ ಟೈಲರೂ ಮೇಷ್ಟ್ರೂ ಅವರ ಹಿಂದೆಯೇ ಹತ್ತಿದರು.

"ಬರಡು ನೆಲ ಇಲ್ಲ ಅಂದ್ಮೇಲೆ ಫೈಲು ಬೇರೆ ಊರಿಗೆ ಹೋಗುತ್ತೆ," ಅಂದರು ಸಾಹೇಬರು ಟಿಕೆಟ್ಟು ತೆಗೆದುಕೊಳ್ಳುತ್ತ. "ನನಗೂ ಬೇಜಾರೇ. ಒಳ್ಳೆ ಜನ ನೀವು. ನೆಲವೂ ಒಳ್ಳೆಯದಾಗಿಬಿಡ್ತು."

ಕಂಡಕ್ಟರು ಚಿಲ್ಲರೆ ಎಣಿಸಿ ಕೊಟ್ಟರು. ಗುಡ್ಡ ಹತ್ತಿರ ಬರುತ್ತಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಸ್ಥಿತಿ ಅವರದು. ಬಾಯಿ ಬಿಟ್ಟರೆ ಹೆಂಡತಿಯ ಮುಂದೆ ಆಕೆಯ ಅಪ್ಪ ಕೊಟ್ಟದ್ದು ಕಲ್ಲುಬಂಡೆ ಎಂದು ಸಾರಿದಂತೆ. ಬಿಡದಿದ್ದರೆ ಬಸ್ಸು ಹೋಯಿತು, ಊರು ಹೋಯಿತು, ತನ್ನ ಕೆಲಸವೂ ಹೋಯಿತು. ಹೊಲ ಕಿಟಕಿಯಲ್ಲಿ ಕಾಣಿಸಿಕೊಂಡಿತು. ಕಾಣಿಸಿಕೊಂಡು ಇನ್ನೇನು ಹಿಂದೆ ಸರಿಯಬೇಕು, ಅಷ್ಟರಲ್ಲಿ ಅವರಿಗೇ ತಿಳಿಯದಂತೆ ಗಂಟಲಿನಿಂದ ಆ ಕೂಗು ಹೊರಟಿತು.

"ಹೋಲ್ಡಾನ್!"

ಸಾಹೇಬರು ಇಳಿದು ಬೇಲಿ ದಾಟಿ ಸಲಾಕೆ ಊರಿದರು. ಠಣ್ ಎಂದಿತು. ನಾಲ್ಕು ಹೆಜ್ಜೆ ಆಚೆ ಊರಿದರು. ಠಣ್. ಮೂರನೆಯ ಸಲಕ್ಕೆ ಸಲಾಕೆಯ ತುದಿಯೇ ಸೊಟ್ಟಗಾಯಿತು. ಸಾಹೇಬರು ಮಂಡಿಯೂರಿ, ಒಂದು ಹಿಡಿ ಮಣ್ಣು ಎತ್ತಿಕೊಂಡು, ಮೂಸಿ, ಕಣ್ಣು ಮುಚ್ಚಿದರು.

"ಇಪ್ಪತ್ತು ವರ್ಷದ ಸರ್ವೀಸು ನಂದು," ಅಂದರು. "ಇಷ್ಟು ಶುದ್ಧವಾದ ಬರಡು ನೆಲ ನೋಡೇ ಇರಲಿಲ್ಲ. ಯಾರದು ಇದು?"

"ನಮ್ಮ ಮನೆಯೋರದು," ಅಂದರು ಕಂಡಕ್ಟರು ನೆಲ ನೋಡುತ್ತ.

ಅಷ್ಟರಲ್ಲಿ ಟೈಲರೂ ಮೇಷ್ಟ್ರೂ ಇಳಿದು ಬಂದಿದ್ದರು. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದರೂ ಅವರು ಅಲ್ಲಿ ಇಳಿದದ್ದು ಅದೇ ಮೊದಲು. ಆದರೆ ಅದು ಯಾರದು ಎಂದು ಕಿವಿಗೆ ಬಿದ್ದೊಡನೆ ಕಣ್ಣಿಗೆ ಕಂಡದ್ದನ್ನೆಲ್ಲ ಮರೆತರು.

"ಹಸಿ ಸುಳ್ಳು ಸಾರ್," ಅಂದರು ಟೈಲರು. "ಇದು ಹೋಲ್ಡಾನ್ ಹೊಲ. ಹನ್ನೊಂದು ವರ್ಷದಿಂದ ಇದರ ತರಕಾರೀನೇ ತಿಂದು ಬದುಕಿದೀವಿ. ನಮ್ಮ ಚಿಕ್ಕ ಮಗಳಿಗೆ ಹಲ್ಲು ಬಂದಿದ್ದು ಈ ಹೊಲದ ಕ್ಯಾರೆಟ್ ಕಚ್ಚಿ."

"ಬೇಸಿಗೇಲಿ ಎಲೆಕೋಸು ಬೆಳೆಯೋ ನೆಲ ಸಾರ್ ಇದು," ಅಂದರು ಮೇಷ್ಟ್ರು. "ನಾನು ಮಕ್ಕಳಿಗೆ ಪಾಠದಲ್ಲೂ ಹೇಳ್ತೀನಿ."

"ಆದ್ರೆ ಇಲ್ಲಿ ಬರೀ ಬಂಡೆ ಇದೆಯಲ್ಲ?"

"ಮೊನ್ನೆ ತಾನೇ ಕೊಯ್ಲಾಗಿದೆ ಸಾರ್. ಕಂಡಕ್ಟರು ಚೊಕ್ಕಟವಾಗಿ ಕುಯ್ಯೋರು."

ಸಾಹೇಬರ ಮುಖ ಬಾಡಿತು. ಇಂಥ ಕಡೆಗೆಂದೇ ಒಂದು ನಿಯಮ ಇದೆ ಎಂದು ವಿವರಿಸಿದರು. ಎಲ್ಲೋ ಒಂದು ಊರಿನಲ್ಲಿ ಒಬ್ಬ ಮಹಾನುಭಾವರು ಪ್ರೋತ್ಸಾಹಧನದ ಆಸೆಗೆ ಚೆನ್ನಾಗಿದ್ದ ತೋಟಕ್ಕೆ ಎರಡು ಲಾರಿ ಜಲ್ಲಿ ಸುರಿಸಿ ಬರಡು ಮಾಡಿದ್ದರಂತೆ. ಅಂದಿನಿಂದ ನೆಲ ಇವತ್ತು ಬರಡಾಗಿದ್ದರೆ ಸಾಲದು, ಹದಿನೈದು ವರ್ಷದಿಂದ ಏನೂ ಬೆಳೆದಿಲ್ಲ ಎಂದು ತೋರಿಸಬೇಕು. ಅದಕ್ಕೆ ಹಿಂದಿನ ಮಾಲೀಕರ ಹೇಳಿಕೆ ಬೇಕು, ಈಗಿನ ಮಾಲೀಕರ ಸಹಿ ಬೇಕು.

"ನೀವು ಇಲ್ಲಿ ಕುಂಬಳಕಾಯಿನೂ ಬೆಳೀತಿದ್ರಾ?" ಎಂದು ಅವರು ಸುಮ್ಮನೆ ಕೇಳಿದರು.

ಕಂಡಕ್ಟರು ಹೆಗಲು ಮುಟ್ಟಿ ನೋಡಿಕೊಂಡರು. ಗಾದೆ ಹುಟ್ಟಿದ್ದು ಇವರಿಗಾಗಿಯೇ ಎನ್ನುವಂತೆ ಎರಡೂ ಹೆಗಲನ್ನು ಮುಟ್ಟಿ ನೋಡಿಕೊಂಡು, ಕೊನೆಗೆ ಬಾಯಿ ಬಿಟ್ಟರು. "ಅದೆಲ್ಲ ಕೊಂಡು ತಂದಿದ್ದು ಸಾರ್. ಸಂತೇಲಿ. ಪ್ರತಿ ವಾರ."

ಟೈಲರೂ ಮೇಷ್ಟ್ರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಯಾರಾದರೂ ಹನ್ನೊಂದು ವರ್ಷ ಕಾಸು ಕೊಟ್ಟು ತರಕಾರಿ ತಂದು, ಬೀದಿಗೆಲ್ಲ ಹಂಚಿ, ಹೊಲದ್ದು ಅಂದಾರೆಯೇ? ಯೋಜನೆಯ ಆಸೆಗೆ ಮನುಷ್ಯ ಎಂಥೆಂಥ ಸುಳ್ಳು ಹುಟ್ಟಿಸುತ್ತಾನೆ ಎಂದು ಅವರಿಗೆ ಬೇಸರವಾಯಿತು. ತಮ್ಮ ಎರೆಹುಳುವಿನ ವಿಷಯ ಆ ಕ್ಷಣಕ್ಕೆ ಅವರಿಗೆ ನೆನಪಿರಲಿಲ್ಲ.

"ಬೇಕಾದ್ರೆ ತರಕಾರಿಯಮ್ಮನ್ನ ಕೇಳಿ," ಅಂದರು ಕಂಡಕ್ಟರು. ಅವರ ಕೈಯಲ್ಲಿದ್ದ ಸಾಕ್ಷಿ ಅದೊಂದೇ.

ಬಸ್ಸು ಸಂತೆಯ ಮುಂದೆ ನಿಂತಾಗ ತರಕಾರಿಯಮ್ಮ ಟೊಮೇಟೊ ಗುಡ್ಡೆ ಹಾಕುತ್ತಿದ್ದರು. ಮೊದಲ ಕುಂಬಳಕಾಯಿಯ ದಿನವೇ ಕಂಡಕ್ಟರು ಅವರಿಂದ ಭಾಷೆ ತೆಗೆದುಕೊಂಡಿದ್ದರು, ಈ ವ್ಯಾಪಾರದ ಸುದ್ದಿ ಯಾರಿಗೂ ತಿಳಿಯಬಾರದು ಎಂದು. ಈಗ ನೋಡಿದರೆ ಕಂಡಕ್ಟರ ಒಂದು ಪಕ್ಕದಲ್ಲಿ ಫೈಲು ಹಿಡಿದ ಅಧಿಕಾರಿ, ಇನ್ನೊಂದು ಪಕ್ಕದಲ್ಲಿ ಟೈಲರು ಮತ್ತು ಮೇಷ್ಟ್ರು. ಅಧಿಕಾರಿಯ ಹೆಗಲ ಮೇಲೆ ಸೊಟ್ಟ ಸಲಾಕೆ. ಪಾಪ ಏನೋ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಆ ತಾಯಿಗೆ ಕರುಳು ಚುರುಕ್ ಎಂದಿತು.

"ಏನಮ್ಮಾ, ಇವರನ್ನ ಬಲ್ಲಿರಾ?" ಎಂದು ಸಾಹೇಬರು ಕೇಳಿದರು.

"ಈ ಮುಖಾನೇ ನೋಡಿಲ್ಲ," ಅಂದರು ತರಕಾರಿಯಮ್ಮ.

"ಅಮ್ಮಾ, ನಿಜ ಹೇಳಿ, ಪರವಾಗಿಲ್ಲ," ಅಂದರು ಕಂಡಕ್ಟರು, ಹೆಚ್ಚುಕಡಿಮೆ ಅಳುತ್ತ.

"ನಿಜಾನೇ ಹೇಳ್ತಿದೀನಿ ಕಣಪ್ಪಾ. ನೀನ್ಯಾರೋ ನಾನ್ಯಾರೋ. ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ನೀನು ನನ್ನ ಹತ್ರ ಕುಂಬಳಕಾಯಿ ತಗೊಂಡಿಲ್ಲ."

ಹೀಗೆ ಹೇಳಿ ತರಕಾರಿಯಮ್ಮ, ನಾನು ನೋಡಿಕೊಂಡೆ, ನೀನು ಧೈರ್ಯವಾಗಿರು ಎಂಬಂತೆ ಕಂಡಕ್ಟರಿಗೆ ಕಣ್ಣು ಮಿಟುಕಿಸಿದರು. ಹನ್ನೊಂದು ವರ್ಷ ಎಂಬ ಲೆಕ್ಕ ಈಕೆಗೆ ಹೇಗೆ ಗೊತ್ತು ಎಂದು ಯಾರೂ ಯೋಚಿಸಲಿಲ್ಲ. "ನೋಡಿದ್ರಾ ಸಾರ್, ಎಷ್ಟು ಸ್ಪಷ್ಟವಾಗಿ ಹೇಳಿದ್ರು," ಅಂದರು ಮೇಷ್ಟ್ರು. ಸಾಹೇಬರು ಬರೆದುಕೊಂಡರು. ಶನಿವಾರ ಬೆಳಗ್ಗೆ ಶಾಲೆಯಲ್ಲಿ ವಿಚಾರಣೆ, ಹಿಂದಿನ ಮಾಲೀಕರನ್ನು ಕರೆಸಿ ಅಂದರು.

ಕಂಡಕ್ಟರು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಟೈಲರ ಹೆಂಡತಿಯ ಮುಂದೆ ಬಸ್ಸಿನ ವೇಗ ಏನೇನೂ ಅಲ್ಲ.

"ಬಸ್ಸಿಗೋಸ್ಕರ ನಮ್ಮಪ್ಪನ ಹೊಲಾನ ಬರಡು ಅಂದ್ರಂತೆ," ಅಂದರು ಹೆಂಡತಿ. ಕೂಗಾಡಲಿಲ್ಲ. ತಟ್ಟೆ ತಂದು ಮುಂದೆ ಇಟ್ಟರು, ನೀರು ಇಟ್ಟರು, ಎದುರಿಗೆ ಕೂತರು. ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕಂಡಕ್ಟರಿಗೆ.

"ಹಾಗಲ್ಲ ಕಣೇ..."

"ಕೆಲಸ ಹೋದ್ರೆ ಹೋಗ್ಲಿ ರೀ, ಎರಡು ಹೊತ್ತಿನ ಊಟಕ್ಕೆ ಆ ಹೊಲವೇ ಸಾಕು ನಮಗೆ. ಅಪ್ಪ ಅಣ್ಣಂದಿರಿಗೆ ಮನೆ ಕೊಟ್ರು, ಅಂಗಡಿ ಕೊಟ್ರು. ನನಗೆ ಅಂತ ಕೊಟ್ಟಿದ್ದು ಇದೊಂದು. ಅದನ್ನೂ ನೀವು ಕಲ್ಲು ಮಾಡಿಬಿಟ್ರಾ?"

ಎರಡು ಹೊತ್ತಿನ ಊಟಕ್ಕೆ ಆ ಹೊಲವೇ ಸಾಕು ಎಂಬ ಮಾತು ಕೇಳಿ ಕಂಡಕ್ಟರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟರು. ಹೇಳಿಬಿಡೋಣವೆಂದು ಬಾಯಿ ತೆರೆದರು. ಆಕೆಯ ಮುಖ ನೋಡಿ ಮುಚ್ಚಿದರು. ಊರಿನವರ ಮುಂದೆ ಸುಳ್ಳುಗಾರನಾಗುವುದು ಅವರಿಗೆ ದೊಡ್ಡದಾಗಿರಲಿಲ್ಲ. ಈಕೆಯ ಪಾಲಿಗೆ ಬಂದ ಒಂದೇ ಒಂದು ಉಡುಗೊರೆಯನ್ನು ತನ್ನ ಕೈಯಾರೆ ಕಿತ್ತುಕೊಳ್ಳುವುದು ಮಾತ್ರ ಆಗುತ್ತಿರಲಿಲ್ಲ.

"ಶನಿವಾರ ಅಪ್ಪ ಬರ್ತಾರಲ್ಲ, ಅವರೇ ಹೇಳ್ಲಿ," ಅಂದು ಹೆಂಡತಿ ಎದ್ದುಹೋದರು.

ಶನಿವಾರ ಶಾಲೆಯ ಕೊಠಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬರಡು ಎಂದು ಸಾಬೀತಾದರೆ ಬಸ್ಸು ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬೊಬ್ಬರೇ ಎದ್ದು, ಸತ್ಯ ಬಿಡಲಾಗದೆ, ಆ ಹೊಲದ ಗುಣಗಾನ ಮಾಡಿದರು. ಊರಿನವರು ಮೊನ್ನೆ ತಮ್ಮ ನೆಲದ ಬಗ್ಗೆ ಸುಳ್ಳು ಹೇಳಿದ್ದು ನಿಜ. ಕಂಡಕ್ಟರ ನೆಲದ ಬಗ್ಗೆ ಸುಳ್ಳು ಹೇಳಲು ಮಾತ್ರ ಅವರ ಮನಸ್ಸಾಕ್ಷಿ ಒಪ್ಪಲಿಲ್ಲ. ಇನ್ನೊಬ್ಬರ ವಿಷಯದಲ್ಲಿ ಮನಸ್ಸಾಕ್ಷಿ ಯಾವಾಗಲೂ ಚುರುಕು. ಒಬ್ಬರು ಹೂಕೋಸಿನ ಬಗ್ಗೆ ಹೇಳಿದರು. ಒಬ್ಬ ಅಜ್ಜಿ ಆ ಹೊಲದ ಬೀಟ್‌ರೂಟು ತಿಂದು ತನ್ನ ಮಂಡಿನೋವು ಹೋದದ್ದನ್ನು ಎದ್ದು ಕೂತು ತೋರಿಸಿದರು.

ಮಾವ ಮುಂದಿನ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದರು. ಅವರ ಪಕ್ಕದಲ್ಲಿ ಮಗಳು. ಸಾಹೇಬರು ಕೇಳಿದರು, "ಹಿರಿಯರೇ, ನಿಮ್ಮ ಕಾಲದಲ್ಲಿ ಆ ನೆಲದಲ್ಲಿ ಏನು ಬೆಳೀತಿತ್ತು?"

ಮಾವ ಮೀಸೆ ನೀವಿಕೊಂಡರು. ಏನೂ ಬೆಳೆಯುತ್ತಿರಲಿಲ್ಲ ಅಂದರೆ ಮಗಳಿಗೆ ಕೊಟ್ಟದ್ದು ಏನು ಎಂಬ ಪ್ರಶ್ನೆ ಬರುತ್ತದೆ. ಬೆಳೆಯುತ್ತಿತ್ತು ಅಂದರೆ ಬಸ್ಸು ನಿಂತಿತೆಂದು ಇಡೀ ಊರು ಅವರನ್ನೇ ಆಡಿಕೊಳ್ಳುತ್ತದೆ. ನಲವತ್ತು ವರ್ಷ ಬೇರೆಯವರ ತಕ್ಕಡಿ ಪರೀಕ್ಷೆ ಮಾಡಿದ ಮನುಷ್ಯ, ತನ್ನ ತಕ್ಕಡಿಯನ್ನು ಹಿಡಿದು ಕೂತುಬಿಟ್ಟರು.

"ಅವರನ್ನ ಕೇಳಬೇಡಿ ಸಾರ್," ಅಂದರು ಕಂಡಕ್ಟರು. ಮಾವನನ್ನು ಆ ಸ್ಥಿತಿಯಲ್ಲಿ ನೋಡಲು ಅವರಿಂದಾಗಲಿಲ್ಲ. "ನೆಲ ಚೆನ್ನಾಗೇ ಇತ್ತು. ನನಗೆ ಬೆಳೆಯೋಕೆ ಬರಲಿಲ್ಲ, ಅಷ್ಟೆ. ಬೀಜ ಹಾಕ್ದೆ, ನೀರು ಹಾಕ್ದೆ, ಒಂದು ಎಲೆ ಬರಲಿಲ್ಲ. ಆ ಮೊದಲನೇ ಕುಂಬಳಕಾಯಿನೂ ನಾನು ಬೆಳೆದಿದ್ದಲ್ಲ, ಕೊಂಡು ತಂದಿದ್ದು. ಇವಳಿಗೆ ಅವರಪ್ಪನ ನೆಲದ್ದು ಅಂತ ಒಂದು ಕಾಯಿ ತೋರಿಸಬೇಕು ಅನ್ನಿಸ್ತು. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ."

ಮಾವ ಎದ್ದು ನಿಂತರು.

"ಕೊಂಡು ತಂದಿದ್ದಾ?"

"ಹೌದು ಮಾವ."

"ಆ ಎಂಟು ಕಿಲೋದ್ದು?"

"ಎಂಟೂಕಾಲು."

ಮಾವನ ಮುಖದಲ್ಲಿ ಏನೋ ಕರಗಿತು. ಹನ್ನೊಂದು ವರ್ಷದ ಭಾರ ಇಳಿಸಿದವರಂತೆ ಅವರು ಉದ್ದಕ್ಕೆ ಉಸಿರು ಬಿಟ್ಟರು. "ಅಳಿಯಂದಿರೇ, ಮೊದಲೇ ಹೇಳಬಾರದಾಗಿತ್ತಾ? ಹನ್ನೊಂದು ವರ್ಷದಿಂದ ನನಗೆ ಊಟ ರುಚಿಸಿಲ್ಲ. ಇಪ್ಪತ್ತು ವರ್ಷ ಆ ನೆಲ ಉತ್ತಿದೀನಿ ಸಾಹೇಬರೇ, ಒಂದು ಹುಲ್ಲು ಬರಲಿಲ್ಲ. ಮಾರೋಣ ಅಂದ್ರೆ ಯಾರೂ ತಗೊಳ್ಳಲಿಲ್ಲ, ಸುಮ್ಮನೆ ಕೊಡ್ತೀನಿ ಅಂದ್ರೂ ತಗೊಳ್ಳಲಿಲ್ಲ. ಕಡೆಗೆ ಹೇಗೋ ಇವರ ತಲೆಗೆ ಕಟ್ಟಿದೆ. ಕಟ್ಟಿದ ವರ್ಷಾನೇ ಅಷ್ಟು ದೊಡ್ಡ ಕಾಯಿ ತಂದು ನಡುಮನೇಲಿ ಇಟ್ಕೊಂಡು ಕೂತಿದಾರೆ! ಅಯ್ಯೋ, ಕೈಯಾರೆ ಬಂಗಾರದ ನೆಲ ಕೊಟ್ಟುಬಿಟ್ಟೆನಲ್ಲ ಅಂತ ದಿನಾ ಹೊಟ್ಟೆ ಉರ್ಕೊಂಡಿದೀನಿ. ಪ್ರತಿ ವಾರ ಇವಳು ಒಂದು ಹೋಳು ಕಳಿಸೋಳು. ಒಂದೊಂದು ಹೋಳೂ ಕೊಳ್ಳಿ ಇಟ್ಟ ಹಾಗೆ ಆಗೋದು. ಬರೆದುಕೊಳ್ಳಿ ಸಾಹೇಬರೇ, ಪರಮ ಬರಡು. ಅಪ್ಪಟ ಬರಡು. ಆ ನೆಲಕ್ಕೆ ಸಮಾನವಾದ ದರಿದ್ರ ನೆಲ ಇನ್ನೊಂದಿಲ್ಲ. ಇವತ್ತು ನನಗೆ..."

ನೆಮ್ಮದಿಯಾಯಿತು ಎನ್ನಲು ಹೊರಟವರಿಗೆ ಪಕ್ಕದಲ್ಲಿ ಕೂತವರು ಯಾರೆಂದು ಆಗ ನೆನಪಾಯಿತು. ಮಾವ ನಿಧಾನವಾಗಿ ಬೆಂಚಿನ ಮೇಲೆ ಕೂತರು. ಕೂತ ಮೇಲೂ ಇನ್ನಷ್ಟು ಕೆಳಗೆ ಕೂರಲು ಜಾಗವಿದೆಯೇ ಎಂದು ಹುಡುಕಿದರು.

ಸಾಹೇಬರು ಫಾರ್ಮನ್ನು ಕಂಡಕ್ಟರ ಹೆಂಡತಿಯ ಮುಂದೆ ಇಟ್ಟು ಪೆನ್ನು ಕೊಟ್ಟರು. "ಈಗಿನ ಮಾಲೀಕರು ನೀವು. ನೆಲದಿಂದ ಬಂದ ಫಸಲು ಅನ್ನೋ ಕಡೆ ಸೊನ್ನೆ ಅಂತ ಬರೆದಿದೀನಿ. ಸಹಿ ಹಾಕಿದ್ರೆ ಆಯ್ತು."

ಆಕೆ ಸೊನ್ನೆಯನ್ನು ನೋಡುತ್ತ ಕೂತರು. ಕಂಡಕ್ಟರಿಗೆ ಗೋಡೆಯ ಮೇಲಿನ ಮಗ್ಗಿಯ ಪಟ್ಟಿಯನ್ನು ಬಿಟ್ಟು ಬೇರೆಲ್ಲೂ ನೋಡಲು ಧೈರ್ಯವಾಗಲಿಲ್ಲ. ಹನ್ನೊಂದರ ಮಗ್ಗಿಯನ್ನು ಎರಡು ಸಲ ಓದಿ ಮುಗಿಸಿದರು.

"ಅಪ್ಪಾ, ನಿಮ್ಮ ಹತ್ರ ಮನೇಲಿ ಮಾತಾಡ್ತೀನಿ," ಅಂದರು ಹೆಂಡತಿ ಕೊನೆಗೆ. ಮಾವ ಸಣ್ಣ ಹುಡುಗನಂತೆ ತಲೆ ಆಡಿಸಿದರು. ಆಕೆ ಸಾಹೇಬರ ಕಡೆ ತಿರುಗಿದರು. "ನೆಲದ್ದು ಸೊನ್ನೆ, ಸರಿ. ಒಪ್ಪಿದೆ. ಆದ್ರೆ ನಮ್ಮನೆಗೆ ಬಂದಿದ್ದು ಸೊನ್ನೆ ಅಲ್ಲವಲ್ಲ. ಅದನ್ನ ಎಲ್ಲಿ ಬರೀತೀರಿ?"

"ಅದಕ್ಕೆ ಕಾಲಂ ಇಲ್ಲಮ್ಮ."

"ಇಲ್ಲದಿದ್ರೆ ಒಂದು ಗೆರೆ ಎಳೆದು ಮಾಡಿ."

"ಸರ್ಕಾರಿ ಫಾರ್ಮಮ್ಮ ಇದು. ಹಾಗೆಲ್ಲ ಗೆರೆ ಎಳೆಯೋ ಹಾಗಿಲ್ಲ."

"ಹಾಗಾದ್ರೆ ನಾನೂ ಸಹಿ ಹಾಕೋ ಹಾಗಿಲ್ಲ," ಎಂದು ಆಕೆ ಪೆನ್ನನ್ನು ಮೇಜಿನ ಮೇಲೆ ಇಟ್ಟರು.

ಈಗ ಊರಿಗೆ ಊರೇ ಸಾಹೇಬರ ಮೇಲೆ ಬಿತ್ತು. ಒಂದು ಗೆರೆಗೋಸ್ಕರ ಬಸ್ಸು ಕಳೆಯುತ್ತೀರಾ ಎಂದು ಕೇಳಿದರು. ತಾನು ತಿಂದ ಬೀಟ್‌ರೂಟಿನ ಮೂಲ ತಿಳಿದು ಅರ್ಧ ನಿಮಿಷದ ಹಿಂದೆ ಮುಖ ಗಂಟಿಕ್ಕಿದ್ದ ಅಜ್ಜಿ ಕೂಡ, "ಎಳೀರಪ್ಪಾ, ನಿಮ್ಮ ಸ್ವಂತ ಕೈಯೇನು ಸವೆಯುತ್ತಾ?" ಅಂದರು. ಮೇಷ್ಟ್ರು ಓಡಿಹೋಗಿ ಕಪ್ಪುಹಲಗೆಯ ಪಕ್ಕದಿಂದ ಅಡಿಪಟ್ಟಿ ತಂದುಕೊಟ್ಟರು. ಸಾಹೇಬರು ಸುತ್ತ ನೋಡಿ, ಬೆವರು ಒರೆಸಿಕೊಂಡು, ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೊದಲ ಬಾರಿಗೆ ಒಂದು ಸರ್ಕಾರಿ ಫಾರ್ಮಿನ ಮೇಲೆ ಸ್ವಂತದ ಗೆರೆ ಎಳೆದರು.

"ಮೇಲೆ ಏನು ಅಂತ ಬರೀಲಿ?"

"ನೆಲ ಕೊಡದಿದ್ರೂ ಮನೆಗೆ ಬಂದಿದ್ದು," ಅಂದರು ಆಕೆ. "ಕೆಳಗೆ ಬರೀರಿ, ಹನ್ನೊಂದು ವರ್ಷ, ವಾರ ತಪ್ಪದೆ. ತಂದವರು, ಗಂಡ."

ಸಾಹೇಬರು ಬರೆದರು. ಆಕೆ ಸಹಿ ಹಾಕಿ, ಪೆನ್ನು ಮುಚ್ಚಿ, ಕಂಡಕ್ಟರ ಪಕ್ಕಕ್ಕೆ ಬಂದು ನಿಂತರು. ಅವರು ಆಗಲೂ ಮಗ್ಗಿಯನ್ನೇ ನೋಡುತ್ತಿದ್ದರು, ಆದರೆ ಅಂಕಿಗಳು ಕಲಸಿಹೋಗಿ ಒಂದೂ ಓದಲು ಬರುತ್ತಿರಲಿಲ್ಲ.

ಗಾಣ ಬಂತು, ಬಸ್ಸು ಉಳಿಯಿತು. ಆ ಫಾರ್ಮು ಮಾತ್ರ ಮೇಲಿನ ಕಚೇರಿಗೆ ಹೋಗಿ ದೊಡ್ಡ ಗೊಂದಲ ಎಬ್ಬಿಸಿತು. ಹೆಚ್ಚಿಗೆ ಒಂದು ಕಾಲಂ ಇರುವುದನ್ನು ಕಂಡ ಮೇಲಧಿಕಾರಿಗಳು, ಇದು ತಮಗೆ ತಿಳಿಯದೆ ಬಂದ ಹೊಸ ಆದೇಶವಿರಬೇಕೆಂದು ಹೆದರಿ, ಅದನ್ನೇ ಮಾದರಿಯಾಗಿಟ್ಟುಕೊಂಡು ಫಾರ್ಮುಗಳನ್ನು ಹೊಸದಾಗಿ ಅಚ್ಚು ಹಾಕಿಸಿದರು. ಗಾಣಕ್ಕೆ ಬೀಜ ಕೊಡುವ ಪ್ರತಿಯೊಂದು ಮನೆಯೂ ಅದನ್ನು ತುಂಬಬೇಕು, ಮನೆಯಾಕೆ ಸಹಿ ಹಾಕಬೇಕು ಎಂದು ಆಜ್ಞೆಯಾಯಿತು.

ಆ ವಾರದ ಸಂತೆಯ ಬಸ್ಸಿನಲ್ಲಿ ಹಿಂದೆಂದೂ ಕಾಣದಷ್ಟು ಗಂಡಸರು. ಮೇಷ್ಟ್ರು ಕಿಟಕಿಯಾಚೆ ಗಂಭೀರವಾಗಿ ನೋಡುತ್ತ ಕೂತಿದ್ದರು. ಟೈಲರು ಟಿಕೆಟ್ಟು ತೆಗೆದುಕೊಂಡು, ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು.

"ಹೋಲ್ಡಾನಣ್ಣಾ, ನಮ್ಮನೇಲಿ ಆ ಕಾಲಂ ಇನ್ನೂ ಖಾಲಿ ಇದೆ. ನಮ್ಮವಳು ಫಾರ್ಮು ಮಡಚಿ ಇಟ್ಕೊಂಡು ಕೂತಿದಾಳೆ. ಏನು ತಗೊಂಡು ಹೋದ್ರೆ ಒಳ್ಳೇದು ಅಂತೀರಿ?"

ಕಂಡಕ್ಟರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. ಈ ವಿಷಯದಲ್ಲಿ ಅವರಷ್ಟು ಅನುಭವ ಆ ಬಸ್ಸಿನಲ್ಲಿ ಇನ್ನಾರಿಗೂ ಇರಲಿಲ್ಲ.

"ಏನಾದ್ರೂ ತಗೊಂಡು ಹೋಗಿ," ಅಂದರು. "ಆದ್ರೆ ಮುಂದಿನ ವಾರಾನೂ ತರಬೇಕಾಗುತ್ತೆ."